ಟೇಪು ಹಿಡಿದು ದೆಹಲಿ ನೋಡಿದ್ದು

ಶಿರಸಿಯಲ್ಲಿ ನನ್ನದೊಂದು ಟೇಲರಿಂಗ್ ಅಂಗಡಿ ಇದೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬ್ಲೌಸು, ಚೂಡಿದಾರ, ಶಾಲೆ ಯೂನಿಫಾರ್ಮು ಹೊಲಿಯುತ್ತೇನೆ. ಈಗ ಬರುವವರೆಲ್ಲ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿ "ಇದೇ ಥರ ಬೇಕು" ಅನ್ನುತ್ತಾರೆ. ಫೋಟೋ ಬೇಕೇ ಬೇಕು. ಕುತ್ತಿಗೆಯ ಆಕಾರ, ತೋಳಿನ ಲೇಸು, ಬೆನ್ನಿನ ದಾರ ಎಲ್ಲ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಬಟ್ಟೆಗೆ ಕತ್ತರಿ ಹಾಕಬೇಕಾದರೆ ಅಳತೆ ಬ್ಲೌಸು ಕೊಡಲೇಬೇಕು. ಮಕ್ಕಳಿಗೆ ರಾಜಧಾನಿ ತೋರಿಸುವುದೂ ಹಾಗೆಯೇ ಎಂದು ನನಗೆ ಅನ್ನಿಸಿದೆ. ಫೋನಿನಲ್ಲಿ ಮೊದಲು ನೋಡಬೇಕು. ಆಮೇಲೆ ಅಳತೆ ತೆಗೆದುಕೊಳ್ಳಲು ಅಲ್ಲಿಗೇ ಹೋಗಬೇಕು.

ನನ್ನ ತಮ್ಮ ದೆಹಲಿಯಲ್ಲಿ ಕೆಲಸಕ್ಕಿದ್ದಾನೆ. ದ್ವಾರಕಾದಲ್ಲಿ ಬಾಡಿಗೆ ಮನೆ. "ಅಕ್ಕಾ, ದಸರಾ ರಜೆಗೆ ಮಕ್ಕಳನ್ನು ಕರೆದುಕೊಂಡು ಬಾ" ಎಂದು ಹೇಳುತ್ತಲೇ ಇದ್ದ. ಈ ಸಲ ಟಿಕೆಟ್ ಮಾಡಿಸಿಯೇಬಿಟ್ಟೆವು. ಮಗಳು ಆರನೇ ಕ್ಲಾಸು, ಮಗ ಎರಡನೇ ಕ್ಲಾಸು. ಟಿಕೆಟ್ ಆದಾಗ ಇನ್ನೂ ಜೋರು ಮಳೆಗಾಲ. ನಮ್ಮ ಜಿಲ್ಲೆಯ ಮಕ್ಕಳು ಆಗ ಬೆಳಗ್ಗೆ ಎದ್ದ ಕೂಡಲೇ ಕೇಳುವ ಪ್ರಶ್ನೆ ಒಂದೇ, "ಡಿಸಿ ರಜೆ ಕೊಟ್ಟರಾ?" ಅಂತ. ಕೊಟ್ಟರೆ ದಿನವಿಡೀ ಮನೆಯೊಳಗೆ. ಆ ಮಳೆ ರಜೆಗಳನ್ನೇ ನಾವು ದೆಹಲಿಗೆ ಬಳಸಿಕೊಂಡೆವು. ಕರೆಂಟು ಇದ್ದಾಗ ಫೋನ್ ಚಾರ್ಜ್ ಮಾಡಿಟ್ಟುಕೊಂಡು, ಮೆತ್ತಿನ ಮೇಲೆ, ಅಂದರೆ ಮಹಡಿಯಲ್ಲಿ, ಕಿಟಕಿ ಹತ್ತಿರ ಕೂತರೆ ನೆಟ್‌ವರ್ಕ್ ಸಿಗುತ್ತಿತ್ತು.

ಒಂದು ನಿಯಮ ಮಾಡಿದ್ದೆ. ಒಂದು ದಿನಕ್ಕೆ ಒಂದೇ ಜಾಗ. ನೋಡಿ ಮುಗಿದ ಮೇಲೆ, ಫೋನಿನಲ್ಲಿ ಏನು ಗೊತ್ತಾಗಲಿಲ್ಲವೋ ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಗೊತ್ತಾದದ್ದನ್ನು ಬರೆಯುವುದು ಬೇಡ, ಅದು ತಲೆಯಲ್ಲಿ ಹೇಗೂ ಉಳಿಯುತ್ತದೆ.

ಮೊದಲ ದಿನ ರಾಷ್ಟ್ರಪತಿ ಭವನ. ಅವರ ವೆಬ್‌ಸೈಟಿನಲ್ಲಿಯೇ ಒಳಗೆ ಸುತ್ತಿ ನೋಡುವ ವ್ಯವಸ್ಥೆ ಇದೆ. ಬೆರಳಲ್ಲಿ ಎಳೆದರೆ ಕೋಣೆ ತಿರುಗುತ್ತದೆ. ತಲೆ ಎತ್ತಿದ ಹಾಗೆ ಮೇಲಕ್ಕೆ ಎಳೆದರೆ ಚಾವಣಿ, ದೀಪದ ಗೊಂಚಲು. ಮಗ ನೆಲದ ಕಲ್ಲಿನ ವಿನ್ಯಾಸ ನೋಡುತ್ತಾ ತುಂಬಾ ಹೊತ್ತು ಕೂತ. ಅಲ್ಲಿ ಒಟ್ಟು 340 ಕೋಣೆಗಳಿವೆ ಎಂದು ಓದಿ ಹೇಳಿದೆ. "ಕಸ ಗುಡಿಸೋದು ಯಾರು?" ಎಂದು ಕೇಳಿದ. ಅವನ ಪುಸ್ತಕದ ಮೊದಲ ಪ್ರಶ್ನೆ ಬೇರೆಯದು: "ಈ ಮನೆ ರಸ್ತೆಯಿಂದ ಎಲ್ಲಿಯವರೆಗೆ ಕಾಣುತ್ತದೆ?"

ಇನ್ನೊಂದು ದಿನ ನ್ಯಾಷನಲ್ ಮ್ಯೂಸಿಯಂ. ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್‌ನಲ್ಲಿ ಅದರ ಬಹಳಷ್ಟು ವಸ್ತುಗಳ ಚಿತ್ರಗಳಿವೆ. ಮಗಳು ಹುಡುಕಿದ್ದು ಮೊಹೆಂಜೊದಾರೊದ ನೃತ್ಯ ಮಾಡುವ ಹುಡುಗಿಯ ಕಂಚಿನ ಬೊಂಬೆ. ಪಾಠದಲ್ಲಿ ಇದ್ದದ್ದು. ಸುಮಾರು 4500 ವರ್ಷ ಹಳೆಯದು. ಫೋನಿನಲ್ಲಿ ದೊಡ್ಡದು ಮಾಡಿದರೆ ಆ ಹುಡುಗಿ ಪರದೆ ತುಂಬಾ ನಿಲ್ಲುತ್ತಾಳೆ. ಸೊಂಟದ ಮೇಲೆ ಕೈ ಇಟ್ಟು ನಿಂತ ಗತ್ತು, ಎಡಗೈ ತುಂಬಾ ಬಳೆ, ಬಲಗೈಯಲ್ಲಿ ನಾಲ್ಕೇ ಬಳೆ. ಮಗಳು ಒಂದೊಂದೇ ಎಣಿಸಿದಳು. ಎತ್ತರ 10.5 ಸೆಂಟಿಮೀಟರ್ ಎಂದು ಕೆಳಗೆ ಬರೆದಿತ್ತು. ನಾನು ಎದ್ದು ಹೋಗಿ ಚಿಂದಿ ಬುಟ್ಟಿಯಿಂದ ಒಂದು ತುಂಡು ಬಟ್ಟೆ ತಂದೆ. ಟೇಪಿಟ್ಟು ಸರಿಯಾಗಿ 10.5 ಸೆಂಟಿಮೀಟರ್ ಕತ್ತರಿಸಿ ಅವಳ ಕೈಗೆ ಕೊಟ್ಟೆ. ಅವಳು ನಂಬಲೇ ಇಲ್ಲ. "ಇಷ್ಟ್ ಸಣ್ಣಕಿದ್ದಾ ಆಯಿ?" ಎಂದಳು. ಆ ಬಟ್ಟೆ ತುಂಡನ್ನು ನೋಟ್‌ಬುಕ್ಕಿಗೆ ಪಿನ್ ಮಾಡಿದೆವು. ಅಂದಿನಿಂದ ನಮ್ಮ ದೆಹಲಿಯ ತಯಾರಿಗೆ ಟೇಪು ಸೇರಿತು.

ಪರದೆ ಎಲ್ಲವನ್ನೂ ಒಂದೇ ಗಾತ್ರ ಮಾಡಿ ತೋರಿಸುತ್ತದೆ. ಕುತುಬ್ ಮಿನಾರ್ 72.5 ಮೀಟರ್, ಇಂಡಿಯಾ ಗೇಟ್ 42 ಮೀಟರ್, ಈ ಬೊಂಬೆ ಗೇಣುದ್ದವೂ ಇಲ್ಲ. ಫೋನಿನಲ್ಲಿ ಮೂರೂ ಅಂಗೈಯಗಲ. ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು.

ದೆಹಲಿಗಿಂತ ಮೊದಲು ಒಂದು ರಾಜಧಾನಿ ನೋಡಿ ಬರೋಣ ಎಂದು ಭಾನುವಾರ ಬನವಾಸಿಗೆ ಹೋದೆವು. ಶಿರಸಿಯಿಂದ 20 ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ನಾಲ್ಕನೇ ಶತಮಾನದಲ್ಲಿ ಮಯೂರಶರ್ಮ ಕಟ್ಟಿದ ಕದಂಬ ರಾಜ್ಯದ ರಾಜಧಾನಿ. ನಾವೆಲ್ಲ ಕದಂಬೋತ್ಸವಕ್ಕೋ ಮಧುಕೇಶ್ವರನ ದರ್ಶನಕ್ಕೋ ಹೋಗಿ ಬಂದವರೇ. ರಾಜಧಾನಿ ಎಂದು ನೋಡಿದ್ದು ಕಡಿಮೆ. ಈ ಸಲ ಮೊದಲು ಮ್ಯಾಪಿನಲ್ಲಿ ಮೇಲಿನಿಂದ ನೋಡಿಕೊಂಡು ಹೋಗಿದ್ದೆವು. ವರದಾ ನದಿ ಊರನ್ನು ಬಳಸಿಕೊಂಡು ತಿರುಗುವುದು ಮೇಲಿನಿಂದ ಎಷ್ಟು ಸ್ಪಷ್ಟ! ಅಲ್ಲಿ ಯಾಕೆ ಊರು ಕಟ್ಟಿದರು ಎಂದು ನಾನು ಹೇಳಬೇಕಾಗಲೇ ಇಲ್ಲ. ಮಗಳೇ ಹೇಳಿದಳು, ಮೂರು ಕಡೆ ಹೊಳೆ ಇದ್ದರೆ ಶತ್ರು ಬರುವುದು ಕಷ್ಟ ಅಂತ. ಮಗನಿಗೆ ಮಾತ್ರ ಅರಮನೆ ಇಲ್ಲದ್ದು ಬೇಜಾರು. ದೇವಸ್ಥಾನ, ಐದು ಹೆಡೆಯ ನಾಗರ ಕಲ್ಲು, ಸುತ್ತ ಅನಾನಸ್ ಗದ್ದೆ, ಅಡಿಕೆ ತೋಟ. ರಾಜರಿದ್ದ ಊರು ಹೀಗೂ ಆಗುತ್ತದೆ ಎಂದು ಅವನು ನೋಡಿದ್ದು ಒಳ್ಳೆಯದೇ ಆಯಿತು.

ಅಕ್ಟೋಬರಿನಲ್ಲಿ ಮಳೆ ಬಿಟ್ಟು ಬಿಸಿಲು ಬಿತ್ತು. ಹೊರಡುವ ಮೊದಲು ಇನ್ನೊಂದು ಅಳತೆ ಬಾಕಿ ಇತ್ತು. ಜಂತರ್ ಮಂತರ್‌ದು.

ಫೋನಿನಲ್ಲಿ ನೋಡಿದ ಜಾಗಗಳಲ್ಲಿ ಮಕ್ಕಳಿಗೆ ಏನೂ ಅರ್ಥವಾಗದೆ ಉಳಿದದ್ದು ಜಂತರ್ ಮಂತರ್. ಕೆಂಪು ಬಣ್ಣದ ಗೋಡೆಗಳು, ಎಲ್ಲಿಗೂ ಹೋಗದ ಮೆಟ್ಟಿಲು, ಬಟ್ಟಲಿನ ಹಾಗೆ ತೋಡಿದ ಹಳ್ಳ. ಜೈಪುರದ ರಾಜ ಸವಾಯಿ ಜೈಸಿಂಗ್ 1724ರಲ್ಲಿ ಕಟ್ಟಿಸಿದ ವೀಕ್ಷಣಾಲಯ ಅದು. ನಡುವೆ ಇರುವ ಸಮ್ರಾಟ ಯಂತ್ರ ಒಂದು ಭಾರೀ ನೆರಳು ಗಡಿಯಾರ, 70 ಅಡಿ ಎತ್ತರ. ಓರೆಯಾದ ಗೋಡೆಯ ನೆರಳು ಎರಡೂ ಬದಿಯ ಕಮಾನಿನ ಮೇಲೆ ಬಿದ್ದು ಹೊತ್ತು ತೋರಿಸುತ್ತದೆ. ಇಷ್ಟು ಓದಿದರೂ ಮಕ್ಕಳ ಮುಖದಲ್ಲಿ ಏನೂ ಮಿಂಚಲಿಲ್ಲ. ಬಿಸಿಲಿಲ್ಲದೆ ನೆರಳು ಗಡಿಯಾರ ನೋಡಿದರೆ ಏನು ಬಂತು, ಅಲ್ವಾ?

ಅದಕ್ಕೆ ನಮ್ಮ ಟೆರೇಸಿನಲ್ಲೇ ಶುರು ಮಾಡಿದೆವು. 30 ಸೆಂಟಿಮೀಟರ್ ಸ್ಕೇಲನ್ನು ನೆಟ್ಟಗೆ ನಿಲ್ಲಿಸಿ, ಎರಡೂ ಕಡೆ ಇಟ್ಟಿಗೆ ಒತ್ತು ಕೊಟ್ಟೆವು. ಹನ್ನೊಂದೂವರೆಯಿಂದ ನೆರಳಿನ ತುದಿಗೆ ನನ್ನ ಮಾರ್ಕಿಂಗ್ ಚಾಕಿನಲ್ಲಿ ಗುರುತು. ನೆರಳು ಗಿಡ್ಡ ಆಗುತ್ತಾ ಹೋಯಿತು. ಹನ್ನೆರಡಕ್ಕೆ ನಿಲ್ಲುತ್ತದೆ ಎಂದು ಮಗ ಕಾಯುತ್ತಿದ್ದ. ನಿಲ್ಲಲಿಲ್ಲ. ಹನ್ನೆರಡೂಕಾಲು ದಾಟಿದ ಮೇಲೆ ಅತಿ ಗಿಡ್ಡ ಆಗಿ, ಮತ್ತೆ ಉದ್ದವಾಗತೊಡಗಿತು. ಆಗ ಅದರ ಉದ್ದ 11 ಸೆಂಟಿಮೀಟರ್ ಚಿಲ್ಲರೆ.

"ಗಡಿಯಾರ ತಪ್ಪಾ, ಸೂರ್ಯ ತಪ್ಪಾ?" ಎಂದು ಮಗ ಕೇಳಿದ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ ಓಡುತ್ತದೆ. ಶಿರಸಿ ಇರುವುದು ಹತ್ತಿರ ಹತ್ತಿರ 74.8 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ಸೂರ್ಯ ನಾಲ್ಕು ನಿಮಿಷ ತೆಗೆದುಕೊಳ್ಳುತ್ತಾನೆ. ಹಾಗಾಗಿ ನಮ್ಮ ನೆತ್ತಿಯ ಹೊತ್ತು ಗಡಿಯಾರಕ್ಕಿಂತ ಸರಾಸರಿ ಅರ್ಧ ಗಂಟೆ ತಡ. ತಿಂಗಳಿಂದ ತಿಂಗಳಿಗೆ ಅದು ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ಅಕ್ಟೋಬರಿನಲ್ಲಿ ಕಾಲು ಗಂಟೆ ಆಸುಪಾಸು ಬೇಗ. ದೆಹಲಿ ಇರುವುದು 77.2 ಡಿಗ್ರಿಯಲ್ಲಿ, ನಮಗಿಂತ ಪೂರ್ವಕ್ಕೆ. ಅಲ್ಲಿ ಮಧ್ಯಾಹ್ನ ನಮಗಿಂತ ಸುಮಾರು ಒಂಬತ್ತೂವರೆ ನಿಮಿಷ ಮೊದಲು ಆಗಬೇಕು. ಮಗಳು ಲೆಕ್ಕ ಮಾಡಿ ಬರೆದಿಟ್ಟುಕೊಂಡಳು. ಪ್ರವಾಸಕ್ಕೆ ಹೊರಟ ಮಗುವಿನ ಕೈಯಲ್ಲಿ ಹೀಗೊಂದು ಲೆಕ್ಕ ಇದ್ದರೆ ಅವಳ ನಡಿಗೆಯೇ ಬೇರೆ ಆಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡೆ.

ಶಿರಸಿಗೆ ರೈಲಿಲ್ಲ. ಘಟ್ಟ ಇಳಿದು ಕಾರವಾರಕ್ಕೆ ಹೋಗಿ ದೆಹಲಿ ಗಾಡಿ ಹತ್ತಿದೆವು. ಗಾಡಿ ಬಿಟ್ಟ ಸ್ವಲ್ಪ ಹೊತ್ತಿಗೆ ಕಾಳಿ ನದಿಯ ಸೇತುವೆ. ಮಗನಿಗೆ ನದಿ ಎಣಿಸುವ ಕೆಲಸ ಕೊಟ್ಟಿದ್ದೆ. ನರ್ಮದೆ ಬಂದಾಗ ಮಲಗಿದ್ದವನನ್ನು ಎಬ್ಬಿಸಿದೆ. ಚಂಬಲ್ ಕಣಿವೆಯ ಮಣ್ಣಿನ ದಿಬ್ಬಗಳನ್ನು ಇಬ್ಬರೂ ಬಾಯಿ ಬಿಟ್ಟು ನೋಡಿದರು. ಮ್ಯಾಪಿನಲ್ಲಿ ಶಿರಸಿಯಿಂದ ದೆಹಲಿಗೆ ಎರಡು ಬೆರಳಲ್ಲಿ ಹೋಗಿಬಿಟ್ಟಿದ್ದರಲ್ಲ, ನಡುವೆ ಇಷ್ಟು ನೆಲ ಇದೆ ಎಂದು ರೈಲಿನ ಕಿಟಕಿಯಲ್ಲೇ ಗೊತ್ತಾಗಬೇಕು. ವಿಮಾನದಲ್ಲಿ ಹೋಗಬಹುದಿತ್ತು ಎಂದು ಹಲವರು ಹೇಳಿದರು. ಮಕ್ಕಳ ಮೊದಲ ಸಲಕ್ಕೆ ರೈಲೇ ಸರಿ ಎಂದು ನನ್ನ ಗಟ್ಟಿ ನಂಬಿಕೆ.

ದೆಹಲಿಯಲ್ಲಿ ಮೆಟ್ರೋ ನಮ್ಮ ಕಾಲು. ದ್ವಾರಕಾದಿಂದ ನೀಲಿ ಲೈನು, ರಾಜೀವ್ ಚೌಕದಲ್ಲಿ ಹಳದಿ ಲೈನಿಗೆ ಬದಲು. ಬಣ್ಣ ನೋಡಿ ದಾರಿ ಹೇಳುವ ಕೆಲಸ ಮಗನದು. ಕೆಂಪುಕೋಟೆ, ಇಂಡಿಯಾ ಗೇಟು ಎಲ್ಲರ ಹಾಗೆ ನಾವೂ ನೋಡಿದೆವು. ಅದರ ವರ್ಣನೆ ಬೇಡ.

ಮ್ಯೂಸಿಯಮ್ಮಿನಲ್ಲಿ ಮಗಳು ನೇರ ಹರಪ್ಪ ವಿಭಾಗಕ್ಕೆ ನಡೆದಳು. ಆ ಹುಡುಗಿ ಗಾಜಿನೊಳಗೆ ನಿಂತಿದ್ದಾಳೆ. ಮಗಳು ನೋಟ್‌ಬುಕ್ಕಿನಿಂದ ಬಟ್ಟೆ ತುಂಡು ಬಿಚ್ಚಿ, ಗಾಜಿಗೆ ತಾಗಿಸದೆ, ದೂರದಿಂದಲೇ ಹಿಡಿದು ನೋಡಿದಳು. ಪಕ್ಕದಲ್ಲಿದ್ದ ಎಷ್ಟೋ ಜನ ಬೊಂಬೆಯ ಮುಂದೆ ಹಾಗೇ ದಾಟಿ ಹೋಗುತ್ತಿದ್ದರು. ಇಷ್ಟು ಸಣ್ಣ ವಸ್ತು ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಗಾಜಿನ ಈಚೆ ನಿಂತು ಬಳೆ ಎಣಿಸಲು ಆಗುವುದಿಲ್ಲ. ಅದಕ್ಕೆ ಮೆತ್ತಿನ ಕಿಟಕಿಯೇ ಒಳ್ಳೆಯ ಜಾಗ. ಆದರೆ ಅಂಗೈಯೊಳಗೆ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಸಣ್ಣ ಬೊಂಬೆಗೆ ಒಬ್ಬ ಕುಶಲಕರ್ಮಿ ಅಷ್ಟೊಂದು ಬಳೆ ತೊಡಿಸಿದ ಎಂಬುದು ಅಲ್ಲಿ ನಿಂತಾಗಲೇ ಎದೆಗೆ ಬಂತು. ನಾನು ಕೈಕೆಲಸ ಮಾಡುವವಳು. ಸಣ್ಣದರಲ್ಲಿ ನಾಜೂಕು ಮಾಡುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಅವಳ ಮುಂದೆ ನಾನೇ ಮಕ್ಕಳಿಗಿಂತ ಜಾಸ್ತಿ ಹೊತ್ತು ನಿಂತೆ.

ಮಗನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕರ್ತವ್ಯ ಪಥದಲ್ಲಿ. ಭವನದ ಒಳಗನ್ನು ನಾವು ಮಳೆ ರಜೆಯಲ್ಲೇ ನೋಡಿ ಆಗಿತ್ತು. ಹಾಗಾಗಿ ಹೊರಗಿನ ದಾರಿಯನ್ನೇ ಆರಿಸಿಕೊಂಡೆವು. ಸಂಜೆ ಬಿಸಿಲು ಇಳಿದ ಮೇಲೆ ಇಂಡಿಯಾ ಗೇಟಿನಿಂದ ರೈಸೀನಾ ಗುಡ್ಡದ ಕಡೆ ನಡೆಯತೊಡಗಿದೆವು. ಮ್ಯಾಪಿನಲ್ಲಿ ಅದು ಸ್ಕೇಲಿಟ್ಟು ಎಳೆದ ಗೆರೆ. ನೇರ, ಅಗಲ, ಸಪಾಟು. ದೂರದಿಂದ ರಾಷ್ಟ್ರಪತಿ ಭವನ ಚೆನ್ನಾಗಿ ಕಾಣುತ್ತಿತ್ತು. ಗುಮ್ಮಟ, ಕೆಳಗೆ ಕಂಬಗಳ ಸಾಲು. ಹತ್ತಿರ ಹೋದ ಹಾಗೆ ದೊಡ್ಡದಾಗಬೇಕು ತಾನೇ? ಆಗಲಿಲ್ಲ. ಕಂಬಗಳು ಸಣ್ಣದಾಗುತ್ತಾ ಬಂದವು. ವಿಜಯ್ ಚೌಕ ಮುಟ್ಟುವ ಹೊತ್ತಿಗೆ ಗುಮ್ಮಟದ ಹೊರತು ಹೆಚ್ಚೇನೂ ಕಾಣಿಸಲಿಲ್ಲ. ಮಗ ಕೂಗಿಯೇಬಿಟ್ಟ, "ಆಯಿ, ಮನೆ ಮುಳುಗಿ ಹೋತು!"

ಇದರ ಹಿಂದೆ ನಿಜವಾಗಿಯೂ ಒಂದು ದೊಡ್ಡ ಜಗಳ ಇದೆ. 1911ರ ಡಿಸೆಂಬರಿನಲ್ಲಿ ಐದನೇ ಜಾರ್ಜ್ ದೊರೆ ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ತರುವುದಾಗಿ ಸಾರಿದ. ಹೊಸ ದೆಹಲಿ ಕಟ್ಟಲು ಲುಟ್ಯೆನ್ಸ್ ಮತ್ತು ಹರ್ಬರ್ಟ್ ಬೇಕರ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿಗಳು ಬಂದರು. ಈಗಿನ ರಾಷ್ಟ್ರಪತಿ ಭವನ ಲುಟ್ಯೆನ್ಸ್‌ದು, ಎದುರಿನ ನಾರ್ತ್ ಬ್ಲಾಕ್, ಸೌತ್ ಬ್ಲಾಕ್ ಬೇಕರ್‌ದು. ಬೇಕರ್ ಕಟ್ಟಡಗಳೂ ಗುಡ್ಡದ ಮೇಲೇ ಬರಬೇಕೆಂದು ಆದಾಗ ಭವನವನ್ನು ಹಿಂದಕ್ಕೆ ಸರಿಸಬೇಕಾಯಿತು. ನಡುವಿನ ಏರು ರಸ್ತೆ ಅದನ್ನು ಮರೆ ಮಾಡಿತು. ಅದು ಗಮನಕ್ಕೆ ಬಂದ ಮೇಲೆ ಏರನ್ನು ಕಡಿದು ಇಳಿಸಿ ಎಂದು ಲುಟ್ಯೆನ್ಸ್ ಎಷ್ಟು ಹೋರಾಡಿದರೂ ಸರ್ಕಾರ ಒಪ್ಪಲಿಲ್ಲ, ಖರ್ಚು ಜಾಸ್ತಿ ಎಂದು. ಸ್ನೇಹಿತರಾಗಿದ್ದವರು ಇದೇ ವಿಷಯಕ್ಕೆ ದೂರವಾದರು. ಇದನ್ನು ನಾನು ಮೊದಲೇ ಓದಿದ್ದೆ. ಹೇಳಿರಲಿಲ್ಲ. ಹೇಳಿದ್ದರೆ ಆ ಕೂಗು ಬರುತ್ತಿರಲಿಲ್ಲ. ಮಗ ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದ, ಮತ್ತೆ ಮುಂದೆ ಬಂದು ನೋಡಿದ. ಮನೆ ಏಳುವುದು, ಮುಳುಗುವುದು. ಅವನನ್ನು ಅಲ್ಲಿಂದ ಹೊರಡಿಸಲು ನನ್ನ ತಮ್ಮ ಐಸ್‌ಕ್ರೀಮ್ ಆಸೆ ತೋರಿಸಬೇಕಾಯಿತು.

ಏರು ತಗ್ಗು ಫೋನಿನಲ್ಲಿ ಕಾಣುವುದಿಲ್ಲ. ಘಟ್ಟದ ಮೇಲಿನ ಮಕ್ಕಳಿಗೆ ಏರು ಎಂದರೇನು ಎಂದು ಕಾಲಿಗೆ ಗೊತ್ತು. ಸಪಾಟು ಎಂದುಕೊಂಡಿದ್ದ ಊರಿನಲ್ಲಿ ಒಂದು ಸಣ್ಣ ಏರು ಇಷ್ಟು ದೊಡ್ಡ ಕಟ್ಟಡವನ್ನು ಮುಚ್ಚಿಬಿಡುತ್ತದೆ ಎಂದು ಅವರು ನೋಡಿದರು.

ಜಂತರ್ ಮಂತರ್‌ಗೆ ಬೆಳಗ್ಗೆ ಹನ್ನೊಂದಕ್ಕೇ ಹೋಗಿ ಕೂತೆವು. ಸುತ್ತ ಎತ್ತರದ ಕಟ್ಟಡಗಳು ಬಂದಿವೆ. ಯಂತ್ರಗಳ ಮೇಲಿನ ಗೆರೆಗಳು ಬಹಳ ಕಡೆ ಮಾಸಿವೆ. ಆದರೂ ಸಮ್ರಾಟ ಯಂತ್ರದ ಬುಡದಲ್ಲಿ ನಿಂತು ತಲೆ ಎತ್ತಿದರೆ ಅದೊಂದು ಬೇರೆಯೇ ಅನುಭವ. ಆ ಓರೆ ಗೋಡೆ ನೇರ ಧ್ರುವ ನಕ್ಷತ್ರದ ಕಡೆ ಬೆರಳು ಮಾಡುತ್ತದೆ. ಅದರ ಓರೆ ದೆಹಲಿಯ ಅಕ್ಷಾಂಶದಷ್ಟೇ, ಸುಮಾರು 28.6 ಡಿಗ್ರಿ. ಶಿರಸಿಯ ಅಕ್ಷಾಂಶ ಸುಮಾರು 14.6. ಅಂದರೆ ಜೈಸಿಂಗ್ ಈ ಗಡಿಯಾರವನ್ನು ನಮ್ಮೂರಲ್ಲಿ ಕಟ್ಟಿಸಿದ್ದರೆ ಗೋಡೆಯ ಓರೆ ಇದರ ಅರ್ಧ ಇರುತ್ತಿತ್ತು. ಮಗಳು ಪ್ರೊಟ್ರ್ಯಾಕ್ಟರ್ ಹಿಡಿದು ದೂರದಿಂದ ಗೋಡೆಗೆ ಹೊಂದಿಸಿ ನೋಡಿದಳು. ಒಂದು ಕಣ್ಣು ಮುಚ್ಚಿ, ನಾಲಿಗೆ ಹೊರಗೆ ಹಾಕಿ.

ಆಮೇಲೆ ಸಪಾಟು ನೆಲ ನೋಡಿ ಸ್ಕೇಲು ನಿಲ್ಲಿಸಿದೆವು. ಇಲ್ಲಿ ಇಟ್ಟಿಗೆ ಇಲ್ಲ, ನೀರಿನ ಬಾಟಲಿ ಒತ್ತು. ಅಕ್ಕಪಕ್ಕ ಓಡಾಡುತ್ತಿದ್ದ ಕಾಲೇಜು ಹುಡುಗರು ಬಂದು ಕೇಳಿದರು, ಮಗಳು ತನಗೆ ಬರುವ ಹಿಂದಿಯಲ್ಲಿ ಹೇಳಿದಳು. ಅವರೂ ಕೂತರು. ಹನ್ನೆರಡು ದಾಟಿ ಏಳೆಂಟು ನಿಮಿಷಕ್ಕೆ ನೆರಳು ಅತಿ ಗಿಡ್ಡ. ನಮ್ಮಲ್ಲಿಗಿಂತ ಮೊದಲೇ. ಉದ್ದ ಮಾತ್ರ 22 ಸೆಂಟಿಮೀಟರ್ ಹತ್ತಿರ! ಶಿರಸಿಯ ನೆರಳಿನ ಎರಡು ಪಟ್ಟು. ದೆಹಲಿ ಅಷ್ಟು ಉತ್ತರಕ್ಕಿದೆ, ಅಲ್ಲಿ ಸೂರ್ಯ ಅಷ್ಟು ಓರೆ. ಮಗಳು ಹಳೆಯ ಪುಟ ತೆಗೆದು ಎರಡೂ ಗೆರೆ ಪಕ್ಕಪಕ್ಕ ಎಳೆದಳು. ಭೂಗೋಳದ ಪಾಠದಲ್ಲಿ ಓದಿದ್ದು ಇಲ್ಲಿ ಅವಳದೇ ಚಾಕಿನ ಗುರುತಾಗಿ ಕಂಡಿತು. ನನಗೆ ಕಣ್ಣು ತುಂಬಿ ಬಂತು. ನಾನು ಪಿಯುಸಿಗೆ ಓದು ಬಿಟ್ಟವಳು.

ಕುತುಬ್ ಮಿನಾರ್ ಅಂಗಳದ ಕಬ್ಬಿಣದ ಕಂಬದ ಹತ್ತಿರ ಇನ್ನೊಂದು ಸಂತೋಷ ಕಾದಿತ್ತು. 7.2 ಮೀಟರ್ ಎತ್ತರ, 6 ಟನ್ನಿಗಿಂತ ಹೆಚ್ಚು ತೂಕ, 1600 ವರ್ಷದ ಬಿಸಿಲು ಮಳೆ ಕಂಡರೂ ತುಕ್ಕು ಹಿಡಿದು ಹಾಳಾಗಿಲ್ಲ. ಕಬ್ಬಿಣದಲ್ಲಿ ರಂಜಕದ ಅಂಶ ಜಾಸ್ತಿ ಇರುವುದರಿಂದ ಮೇಲೆ ಒಂದು ತೆಳು ಪದರ ಆಗಿ ಕಾಪಾಡುತ್ತದಂತೆ. ನಮ್ಮ ಮಳೆಗಾಲದಲ್ಲಿ ಕತ್ತರಿಗೆ ವಾರಕ್ಕೊಮ್ಮೆ ಎಣ್ಣೆ ಹಚ್ಚುವ ನನಗೆ ಅದು ದೊಡ್ಡ ವಿಷಯ. ಕಂಬದ ಶಾಸನದಲ್ಲಿರುವ ಚಂದ್ರ ಎಂಬ ರಾಜ ಗುಪ್ತರ ಎರಡನೇ ಚಂದ್ರಗುಪ್ತ ಎನ್ನುತ್ತಾರೆ. ಬನವಾಸಿಯ ಕದಂಬ ರಾಜ ಕಾಕುತ್ಸ್ಥವರ್ಮ ತನ್ನ ಹೆಣ್ಣುಮಕ್ಕಳನ್ನು ಗುಪ್ತರಿಗೂ ಬೇರೆ ರಾಜರಿಗೂ ಮದುವೆ ಮಾಡಿಕೊಟ್ಟ ಎಂದು ತಾಳಗುಂದದ ಶಾಸನದಲ್ಲಿದೆ. ಅದನ್ನು ಹೇಳಿದ್ದೇ ತಡ, ಮಗಳು "ಹಾಗಾದರೆ ಇವರು ನಮ್ಮ ಬನವಾಸಿಯ ಬೀಗರು" ಎಂದಳು. ಅರಮನೆ ಇಲ್ಲವೆಂದು ಬೇಜಾರಾಗಿದ್ದ ಮಗನಿಗೂ ಬನವಾಸಿಯ ಮೇಲೆ ಗೌರವ ಬಂತು.

ಗಾಂಧಿ ಸ್ಮೃತಿಗೆ ಹೋದದ್ದು ಒಂದು ಸಂಜೆ. 1948ರ ಜನವರಿ 30ರಂದು ಗಾಂಧೀಜಿ ಪ್ರಾರ್ಥನೆಗೆ ನಡೆದು ಹೋದ ದಾರಿಯಲ್ಲಿ ಅವರ ಕೊನೆಯ ಹೆಜ್ಜೆಗಳನ್ನು ಮೂಡಿಸಿದ್ದಾರೆ. 1934ರಲ್ಲಿ ಹರಿಜನ ಪ್ರವಾಸದಲ್ಲಿ ಗಾಂಧೀಜಿ ನಮ್ಮ ಶಿರಸಿಗೂ ಬಂದಿದ್ದರು ಎಂದು ಮಕ್ಕಳಿಗೆ ಹೇಳಿದೆ. ಅಲ್ಲಿ ನಾವು ಟೇಪು ತೆಗೆಯಲಿಲ್ಲ. ಇಬ್ಬರೂ ಆ ಹೆಜ್ಜೆಗಳ ಪಕ್ಕದಲ್ಲಿ ಸುಮ್ನೆ ನಡೆದರು. ಹೆಜ್ಜೆ ನಿಂತ ಕಡೆ ನಿಂತರು. ಮಗ ನನ್ನ ಸೆರಗು ಹಿಡಿದುಕೊಂಡ. ಇದನ್ನು ನಾವು ಫೋನಿನಲ್ಲಿ ಮೊದಲೇ ನೋಡಿರಲಿಲ್ಲ. ನೋಡದೆ ಇದ್ದದ್ದೇ ಒಳ್ಳೆಯದಾಯಿತು ಎಂದು ನನಗೆ ಅನ್ನಿಸಿತು. ಕೆಲವು ಜಾಗಗಳನ್ನು ಹಾಗೇ ಬಿಟ್ಟಿರಬೇಕು.

ಹೋಗುವವರಿಗೆ ಎರಡು ಮಾತು. ನ್ಯಾಷನಲ್ ಮ್ಯೂಸಿಯಂ, ಕೆಂಪುಕೋಟೆ, ಗಾಂಧಿ ಸ್ಮೃತಿ ಸೋಮವಾರ ಮುಚ್ಚಿರುತ್ತವೆ. ಜಂತರ್ ಮಂತರ್‌ಗೆ ಸೋಮವಾರ ಹೋಗಬಹುದು. ರಾಷ್ಟ್ರಪತಿ ಭವನದ ಒಳಗೆ ಹೋಗುವುದಾದರೆ ಆನ್‌ಲೈನಿನಲ್ಲಿ ಮೊದಲೇ ಬುಕ್ ಮಾಡಿ, ಗುರುತಿನ ಚೀಟಿ ಇಟ್ಟುಕೊಳ್ಳಿ. ದಿನಕ್ಕೆ ಒಂದೇ ದೊಡ್ಡ ಜಾಗ ಸಾಕು. ಪಟ್ಟಿ ಮುಗಿಸುವ ಅವಸರದಲ್ಲಿ ಮಕ್ಕಳನ್ನು ಎಳೆದುಕೊಂಡು ಹೋಗುವವರನ್ನು ಬಹಳ ನೋಡಿದೆ. ಆ ಮಕ್ಕಳ ಸೋತ ಮುಖ ನೋಡಿ ಬೇಸರವಾಯಿತು. ಬಾಗಿಲು, ಚಾವಣಿ, ಚಿತ್ರ, ಒಡವೆ ಇವನ್ನೆಲ್ಲ ಮನೆಯಲ್ಲೇ ನಿಧಾನವಾಗಿ ನೋಡಿಸಿ. ಗಾತ್ರ, ಏರು, ದೂರ, ಬಿಸಿಲು ಇವಕ್ಕೆ ಅಲ್ಲಿಯ ಸಮಯ ಇಡಿ. ಹತ್ತು ರೂಪಾಯಿಯ ಸ್ಕೇಲು ಒಂದು ಜೊತೆಗಿರಲಿ.

ಈಗ ಮಗಳು ರಟ್ಟಿನಲ್ಲಿ ಶಿರಸಿಯದೇ ಒಂದು ಸಮ್ರಾಟ ಯಂತ್ರ ಮಾಡುತ್ತಿದ್ದಾಳೆ, 14.6 ಡಿಗ್ರಿ ಓರೆಯದು. ರಟ್ಟು ಕೊಯ್ಯಲು ನನ್ನ ಹಳೆಯ ಕತ್ತರಿ ಕೊಟ್ಟಿದ್ದೇನೆ, ಬಟ್ಟೆಯ ಕತ್ತರಿ ಮುಟ್ಟುವ ಹಾಗಿಲ್ಲ. ದೆಹಲಿಯ ಲೆಕ್ಕವೂ ಮುಗಿದಿಲ್ಲ. ಎರಡು ಊರಿನ ಅಳತೆ ಬೇರೆ ಬೇರೆ ದಿನ ತೆಗೆದದ್ದು, ಆ ಒಂಬತ್ತೂವರೆ ನಿಮಿಷ ಸರಿಯಾಗಿ ಸಿಗಬೇಕಾದರೆ ಒಂದೇ ದಿನ ಎರಡೂ ಕಡೆ ಅಳೆಯಬೇಕು ಎಂದು ಹಟ ಹಿಡಿದಿದ್ದಾಳೆ. ಬರುವ ಭಾನುವಾರ ಹನ್ನೊಂದೂವರೆಗೆ ಮಾವ ದ್ವಾರಕಾದ ಟೆರೇಸಿನಲ್ಲಿ ಸ್ಕೇಲು ನಿಲ್ಲಿಸಬೇಕು, ಇವಳು ಇಲ್ಲಿ ನಿಲ್ಲಿಸುತ್ತಾಳೆ, ವಿಡಿಯೋ ಕಾಲ್ ಹಾಕಿಟ್ಟುಕೊಂಡೇ ಇರಬೇಕು. ತಮ್ಮ ಸ್ಕೇಲು ತಂದಿಟ್ಟುಕೊಂಡಿದ್ದಾನಂತೆ. ಮೋಡ ಇರದಿದ್ದರೆ ಸಾಕು.